ಮುಂಗಡ ಮೊಹರು

ಹಾಸ್ಟೆಲಿನ ವಾರ್ಡನ್ ಫೋನಿನಲ್ಲಿ ಧನ್ಯವಾದ ಹೇಳುತ್ತಿದ್ದಾಗ ನೀರು ಪರೀಕ್ಷಿಸುವ ಲ್ಯಾಬಿನ ಕೆಮಿಸ್ಟಳ ಇನ್ನೊಂದು ಕೈಯಲ್ಲಿ ಅದೇ ಹಾಸ್ಟೆಲಿನ ನೀರು ಹಾಕಿದ್ದ ಟ್ಯೂಬುಗಳ ಸ್ಟ್ಯಾಂಡಿತ್ತು. ಹೊಸ ಬೋರ್‌ವೆಲ್ಲಿನ ರಿಪೋರ್ಟ್ ಕೈಸೇರಿತಂತೆ. ತೊಂಬತ್ತು ಹುಡುಗಿಯರೂ ಬೆಳಿಗ್ಗೆಯಿಂದ ಅದೇ ನೀರು ಕುಡಿಯುತ್ತಿದ್ದಾರಂತೆ. ಇಷ್ಟು ಬೇಗ ಆಗುತ್ತದೆಂದು ತಾನು ಅಂದುಕೊಂಡೇ ಇರಲಿಲ್ಲ ಎಂದು ವಾರ್ಡನ್ ನಕ್ಕರು. ಕೆಮಿಸ್ಟ್ ಹೂಂಗುಟ್ಟಿದಳು. ಫೋನು ಕಟ್ಟಾದ ಮೇಲೆ ಅವರು ಹೇಳಿದ್ದೇನೆಂದು ತಲೆಗೆ ಹೋಯಿತು.

ಟ್ಯೂಬುಗಳನ್ನು ಅವಳು ಬೆಚ್ಚನೆಯ ಪೆಟ್ಟಿಗೆಯಿಂದ ತೆಗೆದದ್ದು ಆಗಷ್ಟೇ. ಐದರಲ್ಲಿ ಮೂರು ನೇರಳೆ ಬಿಟ್ಟು ಹಳದಿಗೆ ತಿರುಗಿದ್ದವು. ಒಳಗೆ ಬೋರಲು ಹಾಕಿದ್ದ ಪುಟ್ಟ ನಳಿಕೆಗಳ ತಲೆಯಲ್ಲಿ ಗಾಳಿಗುಳ್ಳೆ ನಿಂತಿತ್ತು. ಚರಂಡಿಯ ಕ್ರಿಮಿ ಇರಬಹುದು ಎಂಬುದಕ್ಕೆ ಅದು ಗುರುತು. ಇದೆಯೋ ಇಲ್ಲವೋ ಎಂದು ಖಚಿತವಾಗಲು ಇನ್ನೂ ಎರಡು ದಿನ ಬೇಕು. ಹಾಗಾದರೆ ರಿಪೋರ್ಟ್ ಹೋದದ್ದು ಹೇಗೆ?

ಎಲ್ಲರೂ ಅಕ್ಕ ಎಂದೇ ಕರೆಯುವ ಟೈಪಿಸ್ಟ್ ತಲೆಯೆತ್ತದೆ ಹೇಳಿದಳು: "ಮೊದಲನೇ ಹಾಳೆ ಹೋಗಿದೆ ಮೇಡಂ. ಉಪ್ಪು, ಗಡಸು, ಎಲ್ಲಾ ಸರಿ ಇತ್ತಲ್ಲ. ಕ್ರಿಮಿದು ಎರಡನೇ ಹಾಳೆ. ಅದು ಯಾವತ್ತೂ ಆಮೇಲೇ ಹೋಗೋದು."

"ನಾನು ನೋಡೇ ಇಲ್ವಲ್ಲ ಅಕ್ಕ."

"ನೋಡ್ದೆ ಇದ್ರೇನು, ಸೋಮವಾರಾನೇ ಹಾಕ್ಕೊಟ್ರಲ್ಲ."

ಹೌದು, ಹಾಕಿಕೊಟ್ಟಿದ್ದಳು. ದೊಡ್ಡ ಸಾಹೇಬರು ನಿವೃತ್ತರಾಗಿ, ಅವರ ಕುರ್ಚಿಯಲ್ಲಿ ಅವಳು ಕುಳಿತ ಮೊದಲ ದಿನ ಅದು. ಅಕ್ಕ ಐವತ್ತು ಖಾಲಿ ಫಾರಂ ತಂದಿಟ್ಟು, "ಬೋಣಿ ಮಾಡಿ ಮೇಡಂ" ಎಂದಿದ್ದಳು. ಸಾಹೇಬರು ಮೀಟಿಂಗುಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದರಿಂದ ವಾರಕ್ಕಾಗುವಷ್ಟು ಮೊಹರನ್ನು ಮುಂಗಡವಾಗಿ ಒತ್ತಿಡುವುದು ಆ ಲ್ಯಾಬಿನ ಪದ್ಧತಿ. ಮರದ ಹಿಡಿಯ ಮೊಹರು. ನೀಲಿ ಶಾಯಿಯಲ್ಲಿ ಇಂಗ್ಲಿಷಿನ ಒಂದೇ ಪದ: ಅಪ್ರೂವ್ಡ್. ಕೆಳಗೆ ಸಹಿ. ಮೊದಲ ಹತ್ತು ಸಹಿ ಹಾಕುವಾಗ ಅವಳಿಗೆ ಖುಷಿಯಾಗಿತ್ತು. ಆಮೇಲೆ ಕೈ ನೋವು ಬಂದಿತ್ತು.

ಕಣ್ಣಾರೆ ಕಂಡದ್ದು, ಅಳೆದದ್ದು, ಊಹಿಸಿದ್ದು: ಇವು ಮೂರೂ ಬೇರೆ ಬೇರೆ ಎಂದು ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದರು. ಅಪ್ರೂವ್ ಮಾಡಿದ್ದು ಇವುಗಳಲ್ಲಿ ಯಾವುದು ಎಂದು ಈಗ ಹುಡುಕಿದರೆ ಅದು ಯಾವುದರಲ್ಲೂ ಕೂರುತ್ತಿರಲಿಲ್ಲ. ತಡೆಯಲಾರದೆ ಸಾಹೇಬರ ಮನೆಗೇ ಫೋನು ಮಾಡಿ, ಆ ಪದಕ್ಕೆ ನೀವು ಏನೆಂದು ಅರ್ಥ ಇಟ್ಟುಕೊಂಡಿದ್ದಿರಿ ಸಾರ್ ಎಂದು ಕೇಳಿಯೇಬಿಟ್ಟಳು.

ಅವರು, "ಅರ್ಥ ನೋಡ್ತಾ ಕೂತ್ರೆ ಟಪಾಲು ಹೋಗೋದು ಯಾವಾಗಮ್ಮಾ?" ಎಂದರು. ಬಳಿಕ ಸಮಾಧಾನದ ದನಿಯಲ್ಲಿ ಬುದ್ಧಿ ಹೇಳಿದರು. ಎರಡು ದಿನ ಕಾಯಿ. ಖಚಿತವಾಗದ ಮಾತನ್ನು ಲ್ಯಾಬು ಆಡಬಾರದು. ನಾಳೆ ನೀರು ಚೊಕ್ಕವಾಗಿಯೇ ಇದ್ದರೆ ಯಾರಿಗೆ ಮುಖ ತೋರಿಸುತ್ತೀ? ಅಷ್ಟಕ್ಕೂ, ಒಮ್ಮೆ ಕೊಟ್ಟದ್ದನ್ನು ವಾಪಸು ಪಡೆಯುವುದಕ್ಕೆ ಫಾರಮ್ಮೇ ಇಲ್ಲ.

ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅದೇ ಅವಳನ್ನು ಇನ್ನಷ್ಟು ಗೊಂದಲಕ್ಕೆ ದೂಡಿತು. ಖಚಿತವಾಗುವ ಮೊದಲು ಕುಡಿಯಬೇಡಿ ಎನ್ನುವುದು ತಪ್ಪಾದರೆ, ಖಚಿತವಾಗುವ ಮೊದಲು ಸರಿ ಎಂದದ್ದು ಏನಾಯಿತು? ವಾರ್ಡನ್‌ಗೆ ಫೋನು ಮಾಡಿದಳು. ಎತ್ತಲಿಲ್ಲ. ಮೂರನೇ ಸಲವೂ ಎತ್ತದಿದ್ದಾಗ ಏಪ್ರನ್ ಬಿಚ್ಚುವುದನ್ನೂ ಮರೆತು ಬಸ್ಸು ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದಳು. ಒಂದೂ ಕೊನೆ ಮುಟ್ಟಲಿಲ್ಲ.

ಹಾಸ್ಟೆಲಿನ ಹಿಂದಿನ ಅಂಗಳದಲ್ಲಿ ಹುಡುಗಿಯರು ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ಹೊಸ ಟ್ಯಾಂಕಿಗೆ ಅವಳ ರಿಪೋರ್ಟನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದರು. ಅವಳು ನೇರ ಹೋಗಿ ನಲ್ಲಿ ನಿಲ್ಲಿಸಿ ಅದರ ಮುಂದೆ ನಿಂತಳು. ಬಾಗಿಲಲ್ಲಿ ತರಕಾರಿ ಹೆಚ್ಚುತ್ತಿದ್ದ ಅಡುಗೆಯಮ್ಮ ಚಾಕು ಹಿಡಿದೇ ಎದ್ದು ಬಂದಳು.

"ಯಾರಮ್ಮಾ ನೀವು? ನೀರು ಯಾಕೆ ನಿಲ್ಲಿಸಿದ್ರಿ? ಅಪ್ರೂವ್ ಆಗಿದೆ, ಕಾಣಲ್ವಾ?"

"ಅದು ನಾನೇ ಮಾಡಿದ್ದು."

ಅಡುಗೆಯಮ್ಮ ಕಾಗದವನ್ನೂ ಏಪ್ರನ್ನನ್ನೂ ಒಮ್ಮೆ ನೋಡಿದಳು. "ಹಂಗಾದ್ರೆ ಕುಡೀಬಹುದು ತಾನೆ?"

"ಕುಡೀಬೇಡಿ. ಕೆಟ್ಟಿದೆಯೋ ಇಲ್ವೋ ನಂಗಿನ್ನೂ ಗೊತ್ತಿಲ್ಲ."

"ಗೊತ್ತಿಲ್ದೇನೇ ಬರ್ಕೊಟ್ರಾ?"

"ಹೂಂ. ನಿಮ್ಮ ನೀರು ನಮ್ಮಲ್ಲಿಗೆ ಬರೋಕೆ ಮುಂಚೇನೇ."

ಸಾಲಿನ ಮುಂದಿದ್ದ ಹುಡುಗಿ ಅರ್ಧ ತುಂಬಿದ ಬಾಟಲಿಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು, ನೀರು ತಿಳಿಯಾಗಿತ್ತು. ಚೆಲ್ಲಲೋ ಬೇಡವೋ ಎಂಬಂತೆ ಕೆಮಿಸ್ಟಳ ಮುಖ ನೋಡಿದಳು. ನಲ್ಲಿ ನಿಲ್ಲಿಸುವಾಗ ಕೆಮಿಸ್ಟಳ ಕೈ ಮಣಿಕಟ್ಟಿನವರೆಗೆ ತೊಯ್ದಿತ್ತು. ಅದನ್ನು ಏಪ್ರನ್ನಿಗೂ ತಾಗಿಸದೆ, ಒರೆಸಲು ಎಲ್ಲೆಂದು ತೋಚದೆ, ಬೆರಳಗಲಿಸಿ ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು.