ಒಬ್ಬ ಬೇಡ ಎಂದರೆ

ಹೊಗೆಯ ವಾಸನೆ, ಕೊಲ್ಲಿ ನಾಡಿನ ಮನಾಮಾದಲ್ಲಿ, ಸಂಘದ ಈ ಮೂರನೇ ಮಹಡಿಯ ತನಕ ಹೇಗೆ ಬಂತು, ಓ, ನನ್ನದೇ ಅಂಗಿ — ಬೆಳಿಗ್ಗೆ ಸಲ್ಮಾಬಾದಿನ ಕಾರ್ಮಿಕರ ಕ್ಯಾಂಪಿಗೆ ಬೆಂಕಿ ಬಿತ್ತು ಎಂದು ಓಡಿದಾಗ ತೊಟ್ಟದ್ದು, ಎದುರು ಕುಳಿತ ಅಭಿನಂದನನ ಅಂಗಿಯ ಇಸ್ತ್ರಿ ಮಾತ್ರ ಮುರಿದಿಲ್ಲ, ಬ್ಯಾಂಕಿನವನು, ನಮ್ಮ ಕನ್ನಡ ಸಂಘದ ಇನ್ನೊಬ್ಬ ಅಧ್ಯಕ್ಷ, ನನ್ನಷ್ಟೇ ಅಧ್ಯಕ್ಷ, ಚುನಾವಣೆಯಲ್ಲಿ ಬೆಂಗಳೂರು ಕಡೆಯವರ ಮತವೂ ನಮ್ಮ ಕರಾವಳಿಯವರ ಮತವೂ ಸಮಸಮ ಬಿದ್ದು ಸಂಘ ಒಡೆಯುವುದರಲ್ಲಿತ್ತು, ಆಗ ಶಾಲೆಯಲ್ಲಿ ಚರಿತ್ರೆ ಕಲಿಸುವ ಜ್ಯೋತ್ಸ್ನಾ ಟೀಚರ್ ಎದ್ದು, ರೋಮಿನವರು ಏನು ಮಾಡ್ತಿದ್ರು ಗೊತ್ತುಂಟಾ, ರಾಜನನ್ನು ಓಡಿಸಿ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸ್ತಿದ್ರು, ಒಂದು ತಿಂಗಳು ಇವನು ಮುಂದೆ, ಒಂದು ತಿಂಗಳು ಅವನು, ಒಬ್ಬ ಬೇಡ ಅಂದ್ರೆ ಇನ್ನೊಬ್ಬನ ಕೆಲಸ ಅಲ್ಲಿಗೇ ನಿಲ್ಲಬೇಕು — ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಒಬ್ಬರನ್ನೊಬ್ಬರು ಕಾಯಲೆಂದೇ ಮಾಡಿದ ಪದ್ಧತಿ, ಕಾಯುತ್ತಲೇ ಇದ್ದೇನೆ, ಈ ತಿಂಗಳು ಅವನದು.

ಕಿಟಕಿಯ ಕೆಳಗೆ ಬಸ್ಸು, ಅದರೊಳಗೆ ಉಟ್ಟ ಬಟ್ಟೆಯಲ್ಲೇ ಕ್ಯಾಂಪಿನಿಂದ ಓಡಿಬಂದ ಜನ, ನಾನು ದುಡಿಯುವ ವರ್ಕ್‌ಶಾಪಿನ ವೆಲ್ಡರ್ ರೊಕಿ ಮೆಸೇಜು ಕಳಿಸುತ್ತಿದ್ದಾನೆ, ಸುಂದರಣ್ಣ, ಮೇಲೆ ಬರುವುದಾ, ಇಲ್ಲಿ ಸೆಕೆಯಲ್ಲಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ, ತಡಿ ರೊಕಿ, ಇವನು ಏನೋ ಹೇಳುತ್ತಿದ್ದಾನೆ — ನೋಡಿ ಸುಂದರ್ ಅವ್ರೇ, ಬಿಲ್ಡಿಂಗ್ ಓನರ್ ಅಬ್ದುಲ್ ಅಜೀಜ್ ಒಪ್ಪಿದಾರೆ, ನಮ್ಮ ಹಾಲ್‌ನಲ್ಲಿ ಮಲಗ್ಲಿ ಅಂದ್ರು, ಆದ್ರೆ ಇಬ್ಬರ ಹತ್ರ ಮಾತಾಡಲ್ವಂತೆ, ಜವಾಬ್ದಾರಿ ಒಬ್ರೇ ತಗೋಬೇಕಂತೆ — ಯಾವಾಗ ಹೋಗಿದ್ದ ಓನರ್ ಹತ್ತಿರ, ನನ್ನನ್ನು ಬಿಟ್ಟು, ಜೊತೆಗೆ ಈಗ ಅವನ ಪಕ್ಕ ಕುಳಿತ ಸುಮಂತ್ ಇದ್ದನಂತೆ, ಅದೇ ಬ್ಯಾಂಕು, ಅದೇ ಕಾರು, ಒಬ್ಬ ನಕ್ಕರೆ ಇನ್ನೊಬ್ಬ ನಗುತ್ತಾನೆ, ಟೀಚರ್ ಕೂಡ ತಲೆಯಾಡಿಸುತ್ತಿದ್ದಾರೆ, ರೋಮಿನಲ್ಲೂ ಹಾಗೇ, ಆಪತ್ತು ಬಂದ್ರೆ ಇಬ್ಬರನ್ನೂ ಬದಿಗಿಟ್ಟು ಒಬ್ಬನನ್ನು ಡಿಕ್ಟೇಟರ್ ಮಾಡ್ತಿದ್ರು, ಸ್ವಲ್ಪ ಕಾಲಕ್ಕೆ ಮಾತ್ರ — ಸ್ವಲ್ಪ ಕಾಲಕ್ಕೆಂದು ಕುಳಿತು ಏಳದವನೂ ಇದ್ದನಲ್ಲ ಟೀಚರ್, ಅವನ ಕಥೆಯನ್ನೂ ನೀವೇ ಹೇಳಿದ್ದಿರಿ, ಈಗ ಯಾಕೆ ನನ್ನ ಮುಖ ನೋಡುವುದಿಲ್ಲ, ಎಲ್ಲ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ, ಹಾಗಿದ್ರೆ ನಾನೊಂದು ಹೆಸರು ಹೇಳ್ತೀನಿ ಎನ್ನುತ್ತಾನೆ ಅಭಿನಂದನ್, ತುಟಿ ದುಂಡಗಾಗುತ್ತದೆ, ಸು — ಸುಮಂತ್, ಇನ್ಯಾರು, ಬೇಡ ಎಂದೆ, ಎದ್ದು ನಿಂತೇ ಎಂದೆ, ಬೇಡ.

ಟೀಚರ್ ಈಗ ನನ್ನತ್ತ ತಿರುಗುತ್ತಾರೆ, ಹೆಸರು ಪೂರ್ತಿ ಕೇಳಬಾರದಿತ್ತಾ ಸುಂದರಣ್ಣ, ಅವರು ಹೇಳಲಿಕ್ಕೆ ಹೊರಟದ್ದು ನಿಮ್ಮ ಹೆಸರೇ, ಸುಮಂತ್ ನೆಲ ನೋಡುತ್ತಾ, ನಾನೇ ಸಜೆಸ್ಟ್ ಮಾಡಿದ್ದು ಸಾರ್, ಆ ಕ್ಯಾಂಪಿನ ಜನ ನಿಮ್ಮ ಮಾತು ಕೇಳ್ತಾರೆ ಅಂತ — ನನ್ನ ಹೆಸರಾ, ನನಗೆ ಯಾಕೆ ಕೊಡುತ್ತಾನೆ, ಹಾಲ್‌ನಲ್ಲಿ ಏನಾದರೂ ಆದರೆ ಸಿಕ್ಕಿಬೀಳುವವನು ನಾನು, ಅದಕ್ಕೇ ಇರಬೇಕು, ಇಲ್ಲ, ನಾನು ಏಳುತ್ತೇನೆಂದು ಗೊತ್ತಿದ್ದೇ ಅಲ್ಲಿ ತಡೆದನೇ, ಸು ಎಂದಮೇಲೆ ಅಷ್ಟು ಹೊತ್ತು ಯಾಕೆ ನಿಲ್ಲಬೇಕು, ಅಥವಾ ನಿಲ್ಲಲೇ ಇಲ್ಲವೋ, ನಾನೇ ಬಾಯಿ ಹಾಕಿದೆನೋ, ಆಯ್ತು, ಬೇಡ ಅಂದ್ರೆ ಬೇಡ, ರೂಲ್ ಅದೇ ಅಲ್ವಾ ಎನ್ನುತ್ತಾನೆ ಅಭಿನಂದನ್ ಮೆಲ್ಲಗೆ, ಇಷ್ಟು ಮೆಲ್ಲಗೆ ಯಾಕೆ, ಬೇಡ ಎಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ ಎಂದರೆ ಸಾಕು, ಒಂದು ಮಾತು, ಎಲ್ಲರೂ ಅದಕ್ಕೇ ಕಾಯುತ್ತಿರುವ ಹಾಗಿದೆ, ಅದೇ ಹೆದರಿಕೆ, ಕಾಯುವವರು ಸುಮ್ಮನೆ ಕಾಯುವುದಿಲ್ಲ, ಫೋನು ನಡುಗುತ್ತದೆ, ರೊಕಿ, ಅಣ್ಣ, ಕಂಪನಿಯವರು ಹಳೇ ಗೋದಾಮಿಗೆ ಕರ್ಕೊಂಡು ಹೋಗ್ತಾರಂತೆ, ಅಲ್ಲಿ ಏಸಿ ಇಲ್ಲ, ಹೊರಟೆವು, ಕೆಳಗೆ ಬಸ್ಸು ಹಿಂದೆ ಸರಿದು ತಿರುಗುತ್ತಿದೆ, ಕೂಗಬಹುದು, ಇನ್ನೂ ಕೂಗಬಹುದು, ಬಾಯಿ ತೆರೆಯುತ್ತೇನೆ, ಕಣ್ಣೆದುರು ಅದೇ, ದುಂಡಗಾದ ಆ ತುಟಿ, ಮುಂದಿನ ಅಕ್ಷರಕ್ಕೆ ಇನ್ನೂ ತೆರೆಯದ ತುಟಿ, ಸು —