ನೆತ್ತರಿಗೆ ಹತ್ತಿದ ಬೂಷ್ಟು

“ಚಾಚೇ ಕೈಯ. ಎರಡೂ ಚಾಚು. ನೀವೇ ಮೂಸಿ ನೋಡಿ ಮೇಡಂ. ಈ ಉಗುರು ಸಂದಿಯ ಹೊಲಸೇ ನಿಮ್ಮ ತಂದೆಯ ರಕ್ತಕ್ಕೆ ಇಳಿದಿರೋದು.”

ದೊಡ್ಡ ಸಿಸ್ಟರ್ ಆ ಕೋಣೆಯ ಆಯಾ ಓಕ್‌ಬುನ್ ಅಕ್ಕನ ಮಣಿಕಟ್ಟು ಹಿಡಿದು ನಾಮ್ ತಾತನ ಮಗಳ ಮೂಗಿನ ತನಕ ಎಳೆದಿದ್ದಳು. ಮಗಳು ಮೂಸಲಿಲ್ಲ, ಮುಖ ತಿರುಗಿಸಿದಳು. ಮೂಸಿದ್ದರೇ ವಾಸಿಯಿತ್ತು. ಪಕ್ಕದ ಕೋಣೆಯ ಆಯಾ ನಾನು, ಬಾಗಿಲಲ್ಲಿ ಉಚ್ಚೆ ಬಟ್ಟೆ ಹಿಡಿದು ನಿಂತಿದ್ದೆ.

ತಾತನ ಜ್ವರ ಏನು ಕೊಟ್ಟರೂ ಇಳಿದಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಬೂಷ್ಟು. ಹಳಸಿದ ಬ್ರೆಡ್ಡಿಗೆ ಹಿಡಿಯುವ ಜಾತಿಯದೇ ಒಂದು, ಮನುಷ್ಯನ ನೆತ್ತರಲ್ಲೂ ಬೆಳೆಯುತ್ತದಂತೆ. ಬಾಯಿಂದ ಉಣ್ಣಲಾರದ ತಾತನಿಗೆ ಕುತ್ತಿಗೆಯ ನಳಿಗೆಯಲ್ಲೇ ಊಟದ ನೀರು ಇಳಿಯುತ್ತಿತ್ತು, ಬೂಷ್ಟೂ ಅದೇ ದಾರಿಯಲ್ಲಿ ಹೋಗಿರಬೇಕು ಎಂದು ಡಾಕ್ಟರು ಹೊಸ್ತಿಲಾಚೆಯೇ ನಿಂತು ಹೇಳಿಹೋದರು. ಹೇಗೆ ಹೋಯಿತು ಎಂದು ಅವರು ಕೇಳಲಿಲ್ಲ. ಕೇಳುವ ಕೆಲಸ ದೊಡ್ಡ ಸಿಸ್ಟರ್‌ಗೆ ಬಿಟ್ಟರು, ಅವಳು ಅಕ್ಕನ ಕೈ ಹಿಡಿದಳು.

ಆಮೇಲೆ ಅಡುಗೆ ಮೂಲೆಯ ಫ್ರಿಜ್ಜಿನಿಂದ ನಮ್ಮ ಕಿಮ್ಚಿ ಜಾಡಿಯನ್ನು ತೆಗೆದು, ಬೂಷ್ಟಿನ ಮೂಲ ಇದೇ ಎನ್ನುತ್ತ, ಎಲ್ಲರೂ ನೋಡುವಂತೆ ಕಸದ ಡಬ್ಬಕ್ಕೆ ಸುರಿದಳು. ನಾವೆಲ್ಲ ಸೇರಿ ಎಲೆಕೋಸಿಗೆ ಉಪ್ಪು ಖಾರ ಸವರಿ ಹಾಕಿದ ಉಪ್ಪಿನಕಾಯಿ ಅದು. ಅಂದಿನಿಂದ ಬರೀ ಅನ್ನ ನುಂಗಿದೆವು.

ನಾವು ಗಡಿಯಾಚೆ ಚೀನಾದ ಯಾನ್‌ಬಿಯನ್‌ನಿಂದ ಕೊರಿಯಾದ ಇಂಚಾನ್‌ಗೆ ಬಂದ ಹೆಂಗಸರು. ಇವರ ಮಾತೇ ನಮ್ಮ ಮಾತು, ನಮ್ಮ ಮುತ್ತಜ್ಜಂದಿರು ಇದೇ ನೆಲದವರು. ಆದರೂ ಬಾಯಿ ಬಿಟ್ಟರೆ ಸಾಕು, ಎಳೆದಾಡುವ ನಮ್ಮ ಮಾತು ಕೇಳಿ ‘ಚೀನಾದವಳು’ ಎಂದು ಮೂಗು ಮುರಿಯುತ್ತಾರೆ. ಈ ಮುದುಕರ ಆಸ್ಪತ್ರೆಯಲ್ಲಿ ಕೋಣೆಗೊಬ್ಬಳಂತೆ ಇದ್ದೇವೆ. ಕೋಣೆಯ ತುಂಬ ಮಂಚ, ಮಂಚದ ಸಂದಿಯಲ್ಲಿ ನಮ್ಮ ಹಲಗೆ. ಹಗಲಿರುಳು ಅಲ್ಲೇ ಬಿದ್ದಿರಬೇಕು. ಹೇಲು ಬಾಚುವವರೂ ನಾವೇ, ಮಗ್ಗುಲು ತಿರುಗಿಸುವವರೂ ನಾವೇ.

ಕೈಗೆ ಹಾಕುವ ಗ್ಲೌಸು ಮಾತ್ರ ಕೋಣೆಗೆ ದಿನಕ್ಕೆ ಒಂದೇ ಜೊತೆ. ಇನ್ನೊಂದು ಕೇಳಿದರೆ, ನಿಮ್ಮೂರಲ್ಲಿ ಬರಿಗೈಯಲ್ಲೇ ಬಾಚುತ್ತಿದ್ದಿರಲ್ಲ ಎಂದು ನಗುತ್ತಿದ್ದರು. ಹಾಗಾಗಿ ಅದನ್ನೇ ಪಾತ್ರೆ ಸಾಬೂನಿನಲ್ಲಿ ತೊಳೆದು, ಒಳಗು ಹೊರಗು ಮಾಡಿ ಡ್ರಿಪ್ ಕಂಬಕ್ಕೆ ನೇತುಹಾಕುತ್ತಿದ್ದೆವು. ಊರಲ್ಲಿ ಕಿಮ್ಚಿ ಹಾಕುವ ಕಾಲಕ್ಕೆ ಮನೆ ಮನೆಯ ಗೋಡೆಯ ಮೇಲೆ ಕೆಂಪು ಗ್ಲೌಸು ಹೀಗೇ ಒಣಗುತ್ತವೆ. ಸಾಬೂನು ಕಂಡದ್ದು ಮಡಿಯೆಂದೇ ನಾವು ನಂಬಿದ್ದೆವು. ಅದು ತಪ್ಪೆಂದು ಹೇಳಬೇಕಾದ ಸಿಸ್ಟರುಗಳು ಅದೇ ಕಂಬದ ಕೆಳಗೆ ದಿನಾ ಓಡಾಡಿದರು.

ಇಡೀ ಮಹಡಿಗೆ ಇಬ್ಬರೇ ಸಿಸ್ಟರು. ಊಟದ ಚೀಲ ಖಾಲಿಯಾಗಿ ಮಿಷನ್ನು ಕಿರುಚಿದರೆ ಮೇಜಿನ ಹಿಂದಿನಿಂದಲೇ, “ಏ ಆಯಮ್ಮ, ಹೊಸಾದು ಸಿಕ್ಸು” ಎಂದು ಕೂಗುತ್ತಿದ್ದರು. ಅದೇ ಗ್ಲೌಸಿನ ಕೈಯಲ್ಲಿ ನಳಿಗೆಗೆ ಸಿಕ್ಕಿಸುತ್ತಿದ್ದೆವು. ಸಿಕ್ಕಿಸದವಳು ಮಾರನೆಯ ದಿನ ಇರುತ್ತಿರಲಿಲ್ಲ.

ನಾಮ್ ತಾತ ಹೆಚ್ಚು ದಿನ ಬದುಕಲಿಲ್ಲ. ಗಡ್ಡ ಹೆರೆಯುವಾಗ ಕೆನ್ನೆ ಉಬ್ಬಿಸಿ ಕೊಡುತ್ತಿದ್ದ, ಅಕ್ಕನ ಹಾಡು ಕೇಳಿದರೆ ಹುಬ್ಬು ಕುಣಿಸುತ್ತಿದ್ದ. ಸತ್ತ ಹೊತ್ತಿಗೆ ಅಕ್ಕ ಬಿಸಿನೀರು ತಂದಳು, ಕೊನೆಯ ಸಲ ಮುಖ ಒರೆಸಲು. ಮಗಳು ಅಡ್ಡ ನಿಂತಳು.

“ಮುಟ್ಟಬೇಡ. ಮುಟ್ಟಿ ಮುಟ್ಟಿಯೇ ಕೊಂದೆಯಲ್ಲ.”

ಅಕ್ಕ ಬೋಗುಣಿ ಹಿಡಿದುಕೊಂಡೇ ನಿಂತಿದ್ದಳು. ನೀರು ಆರಿದ ಮೇಲೆ ನಾನೇ ಇಸಿದುಕೊಂಡು ಚೆಲ್ಲಿ ಬಂದೆ.

ಮಗಳು ದೂರು ಕೊಟ್ಟಳು. ಆರೋಗ್ಯ ಇಲಾಖೆಯವರು ಬರುತ್ತಾರೆಂದು ಗೊತ್ತಾದದ್ದೇ ತಡ, ಮಂಚಕ್ಕೊಂದು ಗ್ಲೌಸಿನ ಪೆಟ್ಟಿಗೆ ಬಂತು, ಬಾಗಿಲು ಬಾಗಿಲಿಗೆ ಕೈಗೆ ಸವರುವ ಔಷಧಿ ಬಂತು. ಇಷ್ಟು ದಿನ ಯಾವ ಗೋದಾಮಿನಲ್ಲಿ ಮಲಗಿದ್ದವೋ. ಉಳಿದ ಆಯಾಗಳನ್ನು ತಾರಸಿಯ ಬಟ್ಟೆ ಒಗೆಯುವ ಕೋಣೆಗೆ ಅಟ್ಟಿದರು. ಮುದುಕರನ್ನು ಎತ್ತಲು ಆಳು ಬೇಕೆಂದು ನನ್ನನ್ನು ಕೆಳಗೆ ಉಳಿಸಿದರು. ಅಕ್ಕನನ್ನು ಉಳಿಸಿದ್ದು ಬೇರೆ ಕೆಲಸಕ್ಕೆ.

ದೊಡ್ಡ ಸಿಸ್ಟರ್ ಆ ದಿನ ಬಹಳ ಮೆತ್ತಗಿದ್ದಳು. ಅಕ್ಕನ ಭುಜದ ಮೇಲೆ ಕೈ ಇಟ್ಟು ಹೇಳಿದಳು: “ನೋಡಮ್ಮ, ಯಾರೂ ಹೇಳಿರಲಿಲ್ಲ, ನಾನೇ ತಿಳಿಯದೆ ನಳಿಗೆ ಮುಟ್ಟಿಬಿಟ್ಟೆ ಅನ್ನು. ಅಷ್ಟೇ ಸಾಕು. ಬೇರೆ ಊರಲ್ಲಿ ನಮ್ಮದೇ ಆಸ್ಪತ್ರೆ ಇದೆ, ಅಲ್ಲಿ ಕೆಲಸ ಕೊಡಿಸ್ತೀನಿ. ಇಲ್ಲ ಅಂದರೆ ಚೀನಾಕ್ಕೆ ಹತ್ತಿಸ್ತಾರೆ, ಆಮೇಲೆ ನನ್ನ ಕೇಳಬೇಡ.”

ಅಕ್ಕ ಆಗಲಿ ಎಂದು ತಲೆಯಾಡಿಸಿದಳು. ಸಿಸ್ಟರ್ ಅತ್ತ ಹೋದಳೋ ಇಲ್ಲವೋ ನನಗೆ ತಡೆಯಲಾಗಲಿಲ್ಲ.

“ಥೂ ನಿನ್ನ. ಆ ಬಡ್ಡೀಮಗಳು ಯೋಳ್ದಂಗೆ ಕೇಳೀಯಾ? ಆಮೇಕೆ ನಮ್ಮೆಲ್ಲಾರ ತಲೆ ಮ್ಯಾಲೂ ಇದೇ ಕಣಕ್ಕ, ಕೊಲೆಗಾತಿರು ಅಂತ.”

“ಸುಮ್ಕಿರು, ಬಾಯ್ಬಡುಕಿ,” ಎಂದಳು ಅಕ್ಕ. ಡ್ರಿಪ್ ಕಂಬದ ಮೇಲಿದ್ದ ಹಳೆ ಗ್ಲೌಸನ್ನು ಎಳೆದು ಅಂಗಿ ಜೇಬಿಗೆ ತುರುಕಿಕೊಂಡಳು.

ಇಲಾಖೆಯ ಇಬ್ಬರು ಬಂದರು, ಅವರ ಹಿಂದೆ ನಾಮ್ ತಾತನ ಮಗಳೂ ಬಂದಳು. ದೊಡ್ಡ ಸಿಸ್ಟರ್ ಪೆಟ್ಟಿಗೆಗಳನ್ನು ಒಂದೊಂದಾಗಿ ತೋರಿಸಿದಳು, ಕೊನೆಗೆ ಅಕ್ಕನನ್ನು ಮುಂದಕ್ಕೆ ನೂಕಿ, ಹೇಳಮ್ಮ, ಹೆದರಬೇಡ ಎಂದಳು.

“ಯೋಳಾಕೆ ನಂಗೆ ಬರಕಿಲ್ಲ ಸ್ವಾಮಿ,” ಎಂದಳು ಅಕ್ಕ. “ದಿನಾ ಮಾಡಾದ ಮಾಡಿ ತೋರುಸ್ತೀನಿ, ನಿಂತ್ಕೊಂಡು ನೋಡ್ಕಳಿ.”

ಜೇಬಿನಿಂದ ಹಳೆ ಗ್ಲೌಸು ತೆಗೆದು ತೊಟ್ಟಳು. ಬೆರಳ ತುದಿ ಹಳದಿಗಟ್ಟಿ ಜಿಗಿಜಿಗಿ ಎನ್ನುತ್ತಿತ್ತು. ಮೊದಲ ಮಂಚದ ಮುದುಕನ ಡೈಪರ್ ಬಿಚ್ಚಿ ಬಾಚಿ ಒರೆಸಿದಳು. ಅದೇ ಕೈಯಲ್ಲಿ ಎರಡನೆಯವನ ಬಾಯ ಜೊಲ್ಲು ತೆಗೆದಳು. ಅಧಿಕಾರಿಯೊಬ್ಬ ಮೂಗು ಮುಚ್ಚಿಕೊಂಡ. ದೊಡ್ಡ ಸಿಸ್ಟರ್, ಹೊಸ ಪೆಟ್ಟಿಗೆ ಇದೆಯಲ್ಲೇ, ತಲೆ ಕೆಟ್ಟಿದೆಯಾ ಎಂದು ಅವಳ ತೋಳಿಗೆ ಕೈ ಹಾಕಿದಳು. ಅಕ್ಕ ಕೊಡವಿಕೊಂಡಳು. ನಾನು ಇಬ್ಬರ ನಡುವೆ ಹೋಗಿ ನಿಂತೆ. ಅಲ್ಲಿಂದ ಜರುಗಲಿಲ್ಲ.

ಕಿಟಕಿ ಬದಿಯ ಮಂಚ ನಾಮ್ ತಾತನದು. ಅಲ್ಲೀಗ ಬೇರೊಬ್ಬ ಮುದುಕ ಮಲಗಿದ್ದ, ಅವನ ಕುತ್ತಿಗೆಯಲ್ಲೂ ನಳಿಗೆ. ಅಕ್ಕ ಅವನ ಡೈಪರನ್ನೂ ಬದಲಿಸಿ ಮುಗಿಸುವಷ್ಟರಲ್ಲಿ ಊಟದ ಚೀಲ ಬರಿದಾಗಿ ಮಿಷನ್ನು ಕಿರುಚತೊಡಗಿತು.

ಅಕ್ಕನ ಕೈ ಅಭ್ಯಾಸದಿಂದ ಮೇಲೆದ್ದಿತು. ನಳಿಗೆಗೆ ಗೇಣು ದೂರದಲ್ಲಿ ನಿಂತಿತು. ಗ್ಲೌಸಿನಿಂದ ಹಳದಿ ನೀರು ಅವಳ ಮೊಣಕೈಗೆ ಇಳಿಯುತ್ತಿತ್ತು. ನಾಮ್ ತಾತನ ಮಗಳು ಬಾಯಿಗೆ ಸೆರಗಿನಂತೆ ತೋಳು ಒತ್ತಿಕೊಂಡು ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕತ್ತು ತಿರುಗಿಸಿ ಸಿಸ್ಟರನ್ನು ನೋಡಿದಳು.

“ಕೂಗು ಸಿಸ್ಟರೇ,” ಎಂದಳು ಅಕ್ಕ. “ಏ ಆಯಮ್ಮ, ಸಿಕ್ಸು ಅಂತ ದಿನಾ ಕೂಗ್ತಿದ್ದಲ್ಲ. ಇವ್ರ ಮುಂದೆ ಒಂದ್ಸಲ ಕೂಗು. ಕೂಗುದ್ರೆ ಈ ಕೈಯಾಗೇ ಸಿಕ್ಕುಸ್ತೀನಿ. ಕೂಗಕಾಗ್ದಿದ್ರೆ ನೀ ಬಾ, ಕೈ ತೊಳ್ಕಂಡು ಬಾ.”

ದೊಡ್ಡ ಸಿಸ್ಟರ್ ಒಂದು ಹೆಜ್ಜೆ ಬಾಗಿಲ ಕಡೆ ಸರಿದಳು. ಮಿಷನ್ನು ಕಿರುಚುತ್ತಲೇ ಇತ್ತು. ಅಕ್ಕ ಎತ್ತಿದ ಕೈ ಇಳಿಸಲಿಲ್ಲ.