ಖರಾಬು ಬೆಟ್ಟ

ಯಶೋಧಾ ಹಾಲು ಕರೆಯುತ್ತಿದ್ದಾಗಲೇ ರಾಮನಗರದಿಂದ ಬೈಕಿನಲ್ಲಿ ಪಂಚಾಯ್ತಿ ಕಾರ್ಯದರ್ಶಿ ವೀರೇಂದ್ರ ಬಂದು ನಕ್ಷೆ ಬಿಚ್ಚಿದ. "ಮೆಂಬರಕ್ಕ, ಒಸಿ ಸೈನ್ ಹಾಕ್ಬುಡಿ. ಬೆಟ್ಟದ ಸುತ್ತ ಬೇಲಿ, ಒಳಗೆ ರೆಸಾರ್ಟು. ಹೆಂಗೂ ಉಳೋಕಾಗ್ದಿರೋ ಖರಾಬು ಜಮೀನು, ಯಾರ್ದೂ ಅಲ್ಲ."

ಮಗಳು ಅಮೂಲ್ಯ ಕೊಟ್ಟಿಗೆಯಾಚೆ ಎಳೆಬಿಸಿಲಿಗೆ ಕೆಂಪೇರಿದ್ದ ಬೆಟ್ಟದ ಬಂಡೆಯನ್ನು ನೋಡಿದಳು.

ಯಶೋಧಾ ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು. "ಯಾರ್ದೂ ಅಲ್ಲ ಅಂದ್ರೆ ಎಲ್ಲಾರ್ದೂ ಕಣಪ್ಪ. ದನ ಹತ್ತೋ ದಾರಿ ಇದ್ರಲ್ಲಿ ಎಲ್ಲೈತೆ? ಕೊಡಿಲ್ಲಿ ಪೆನ್ನು." ಸಹಿ ಹಾಕಬೇಕಿದ್ದ ಪೆನ್ನಿನಲ್ಲಿ ಆಕೆ ನಕ್ಷೆಯ ಮೇಲೆ ದಾರಿ ಎಳೆದಳು. "ಇದು ತೆರೆದಿರ್ಬೇಕು, ಬಂಡೆಗೆ ಅಡ್ಡ ಕಟ್ಟಡ ಏಳ್ಬಾರ್ದು. ಗ್ರಾಮಸಭೆಲೂ ಇದ್ನೇ ಹೇಳ್ತೀನಿ."

ವೀರೇಂದ್ರ ನಕ್ಷೆ ಸುತ್ತಿಕೊಂಡು ಹೊರಟ. ಆಗ ಅಮೂಲ್ಯ ಕೇಳಿದಳು:

"ಇಷ್ಟ್ ಚೆಂದಾಗೈತಲ್ಲ, ಬೆಟ್ಟ ಹೆಂಗಮ್ಮ ಖರಾಬು?"